ದೊಡ್ಡವ್ವನ ಬಲಗಣ್ಣು

ದೊಡ್ಡವ್ವನ ಬಲಗಣ್ಣು ಕೆಂಪಾದದ್ದು ಮೊದಲೋ, ನೀರು ಸುರಿಯತೊಡಗಿದ್ದು ಮೊದಲೋ, ನನಗೀಗ ಖಾತ್ರಿಯಿಲ್ಲ. ಇದನ್ನು ಎಷ್ಟೋ ಸಲ ಯಾರ್‍ಯಾರಿಗೋ ಹೇಳಿದ್ದೇನೆ. ನೆನಪಿರುವುದು ಆದದ್ದೋ, ನಾನು ಹೇಳುತ್ತ ಬಂದದ್ದೋ ಎಂಬ ಅನುಮಾನ.

ಅವ್ವನ ಅಕ್ಕ ಅವಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಕೂತವರೆಲ್ಲರ ಕಣ್ಣೂ ಒದ್ದೆಯೇ. ನಾನು ಹಾವೇರಿಯಿಂದ ಹೋದಾಗಲೆಲ್ಲ, ಡಾಕ್ಟರಿಗೆ ತೋರಿಸೋಣ ಎನ್ನುತ್ತಿದ್ದೆ.

"ಘಾಟಿಗೆ ಬರೋ ನೀರದು. ಬ್ಯಾಡಗ್ಯಾಗ ಕಣ್ಣಾಗ ನೀರು ಬರಲಾರದವ್ರು ದವಾಖಾನಿಗೆ ಹೋಗಬೇಕವಾ, ಶಾಣ್ಯಾಕಿ!"

ಚುಚ್ಚುತ್ತದೆ ಎಂದಾಗ ಪಕ್ಕದ ಮನೆಯಾಕೆ ಚಿಮಟದಿಂದ ರೆಪ್ಪೆಗೂದಲು ಕಿತ್ತುಕೊಡುತ್ತಿದ್ದಳು. ಕೆಲವು ದಿನ ಹಾಯೆನಿಸುತ್ತಿತ್ತು. ಮತ್ತೆ ಹುಟ್ಟಿದ ಕೂದಲು ಮೊದಲಿಗಿಂತ ಬಿರುಸು.

ಕಣ್ಣು ಮಬ್ಬಾದ ಮೇಲೆಯೇ ದೊಡ್ಡವ್ವ ರಾಣೆಬೆನ್ನೂರಿನ ಕಣ್ಣಿನ ಆಸ್ಪತ್ರೆಗೆ ಬರಲು ಒಪ್ಪಿದ್ದು. ಡಾಕ್ಟರಮ್ಮ ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಜಗ್ಗಿ ನೋಡಿದರು.

"ಮೆಣಸಿನಕಾಯಿದೇನೂ ತಪ್ಪಿಲ್ರಿ ಅಜ್ಜಿ. ರೆಪ್ಪಿ ಸಡಲಾಗಿ ಒಳಗ ಮಡಚೇತಿ. ಕಣ್ಣು ಪಿಳುಕಿಸಿದಾಗೊಮ್ಮೆ ಕೂದಲು ಗುಡ್ಡಿಗೆ ತಿಕ್ಕತಾವ."

ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು: ಕರಿಗುಡ್ಡೆಯ ಮೇಲೆ ಗೀರು ಬಿದ್ದು ಕಲೆಯಾಗಿದೆ. ಆಪರೇಷನ್ ಮಾಡಿದರೆ ರೆಪ್ಪೆ ನೆಟ್ಟಗಾಗುತ್ತದೆ, ತಿಕ್ಕುವುದು ನಿಲ್ಲುತ್ತದೆ. ಹೋದ ದೃಷ್ಟಿ ಎಷ್ಟು ತಿರುಗಿ ಬರುತ್ತದೋ, ಈಗಲೇ ಹೇಳಲಾಗದು.

ಆಪರೇಷನ್ನಿನ ದಿನ ರೆಪ್ಪೆಗಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರಿಂದ ದೊಡ್ಡವ್ವನಿಗೆ ಎಚ್ಚರವಿತ್ತು. ಬಾಗಿಲಾಚೆ ನಿಂತ ನನಗೆ ಅವಳ ದನಿ ಕೇಳುತ್ತಿತ್ತು.

"ಡಾಕ್ಟರವ್ವಾ, ಕಣ್ಣು ಕೀಳಾಕತ್ತೀರೇನು?"

"ಇಲ್ರಿ ಅಜ್ಜಿ, ರೆಪ್ಪಿ ಬಿಗಿ ಮಾಡಿ ಹೊಲಿಗಿ ಹಾಕಾಕತ್ತೇನಿ. ಅಳ್ಳಾಡಬ್ಯಾಡ್ರಿ."

"ಹಂಗಾರ ಗಟ್ಟಿ ಹಾಕ್ರಿ. ನಮ್ಮೂರ ದರ್ಜಿಗತೆ ಮತ್ತ ಬಿಚ್ಚೂವಂಗ ಹಾಕಬ್ಯಾಡ್ರಿ!"

ಯಾರೋ ನಕ್ಕರು. ಆಪರೇಷನ್ ಬಹಳ ಹೊತ್ತು ನಡೆಯಿತೆಂದು ನನ್ನ ನೆನಪು. ನಿಜಕ್ಕೂ ಅಷ್ಟು ಹೊತ್ತಾಯಿತೋ ಇಲ್ಲವೋ. ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಂತೂ ಖರೆ.

ಮರುದಿನ ಪಟ್ಟಿ ಬಿಚ್ಚಿದರು. ರೆಪ್ಪೆ ಬಾತಿತ್ತು, ಆದರೆ ಕೂದಲು ಹೊರಮುಖವಾಗಿದ್ದವು.

"ಚುಚ್ಚೂದು ನಿಂತೈತಿ ನೋಡು," ಎಂದು ದೊಡ್ಡವ್ವ ಹಿಗ್ಗಿದಳು. ಕಾಣುತ್ತದೆಯೇ ಎಂದು ನಾನು ಕೇಳಲಿಲ್ಲ. ಬಾವು ಇಳಿಯಲಿ ಎಂದುಕೊಂಡೆ.

ಬಾವು ಇಳಿದು ಹೊಲಿಗೆಯನ್ನೂ ತೆಗೆದಾಯಿತು. ಈಗಲೂ ಅವಳು ಬಾಗಿಲಲ್ಲಿ ನಿಂತವರನ್ನು ನೋಡುವಾಗ ಕತ್ತನ್ನು ಬಲಕ್ಕೆ ತಿರುಗಿಸಿ, ಎಡಗಣ್ಣನ್ನೇ ಮುಂದೆ ತರುತ್ತಾಳೆ. ಮೊದಲಿನಿಂದಲೂ ಹಾಗೆಯೇ ಇತ್ತೇ? ನೆನಪಾಗುವುದಿಲ್ಲ. ಮೊನ್ನೆ ನಗುತ್ತ ಮಾತಾಡುತ್ತಿದ್ದ ಅವಳ ಎಡಗಣ್ಣಿಗೆ ನನ್ನ ಅಂಗೈ ಅಡ್ಡ ಹಿಡಿದೆ. ಅವಳು ನಗುವುದನ್ನು ನಿಲ್ಲಿಸಿದಳು.

"ದೊಡ್ಡವ್ವಾ, ಖರೇ ಹೇಳು, ಈಗ ನನ್ನ ಮಾರಿ ಕಾಣತೈತೇನು?"