ಗುಂಡಿ ಎಂದು ಬರೆಯದ ಕರಾರು

1966ನೇ ಇಸವಿ ಮೇ 8, ಭಾನುವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಯಳಂದೂರಿನ ಮನೆಯಲ್ಲಿ ಇದನ್ನು ಬರೆಯಲು ಕೂತೆ. ಮಾವ ಊಟ ಮುಗಿಸಿ ಮಲಗಿದ್ದಾರೆ. ಅತ್ತೆ ನೆರೆಮನೆಗೆ ಸಂಡಿಗೆ ಹಾಕಿಸಲು ಹೋಗಿದ್ದಾರೆ. ನನ್ನ ಮದುವೆಯಾಗಿ ಈ ತಿಂಗಳಿಗೆ ಒಂದು ವರ್ಷ. ಮದುವೆಗೆ ಮುಂಚೆ ಎರಡು ಮನೆಗಳ ನಡುವೆ ಆದ ಒಂದು ಕರಾರಿನ ವಿಷಯ ಮರೆಯುವ ಮೊದಲು ಬರೆದು ಒಂದು ಪತ್ರಿಕೆಗೆ ಕಳಿಸಬೇಕು ಅನ್ನಿಸಿದೆ.

ನಾನು ಹುಟ್ಟಿದ್ದು ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಯಲ್ಲಿ. ನಮ್ಮ ಕೇರಿಯ ಹೆಂಗಸರು ನೂಲು ಬಿಡಿಸುತ್ತಾರೆ, ಲಾಳಿಯೊಳಗೆ ಕೂರುವ ಕಂಡಿಕೆ ಸುತ್ತುತ್ತಾರೆ. ಮಗ್ಗಕ್ಕೆ ಕೂರುವ ಹೆಂಗಸರು ಕಡಿಮೆ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ತಾತ ತಮ್ಮ ಮಗಳಿಗೂ ನೇಯ್ಗೆ ಕಲಿಸಿದ್ದರು, ಅಪ್ಪ ನನಗೆ ಕಲಿಸಿದರು. ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ ನಾನು ಮೊದಲು ಮಗ್ಗಕ್ಕೆ ಕೂತೆ. ಅಂದಿನಿಂದ ಯಾವ ಸೀರೆಗೆ ಯಾವತ್ತು ಉದ್ದೆಳೆಯ ಹಾಸು ಏರಿಸಿದೆ, ಯಾವತ್ತು ಕತ್ತರಿಸಿ ಇಳಿಸಿದೆ ಎಂದು ದಿನಚರಿಯಲ್ಲಿ ಗುರುತು ಹಾಕಿಕೊಳ್ಳುತ್ತಾ ಬಂದಿದ್ದೇನೆ.

ತಾತನ ಮಗಳು, ಅಂದರೆ ನನ್ನ ಸೋದರತ್ತೆ, ಹನೂರಿಗೆ ಮದುವೆಯಾಗಿ ಹೋದದ್ದು 1956ರಲ್ಲಿ. ನಮ್ಮ ತಾಲ್ಲೂಕು ಮದರಾಸಿನಿಂದ ಮೈಸೂರಿಗೆ ಸೇರಿದ ವರ್ಷವಾದ್ದರಿಂದ ಅದು ಮನೆಯಲ್ಲಿ ಯಾರಿಗೂ ಮರೆತಿಲ್ಲ. ಮಗ್ಗವನ್ನೂ ಜೊತೆಗೆ ಕಳಿಸಿ, ಮಗಳು ನೇಯ್ದುಕೊಂಡಿರಲಿ ಎಂದು ತಾತ ಹೇಳಿದ್ದರು. ಬೀಗರೂ ಆಗಲಿ ಎಂದಿದ್ದರು. ಎಲ್ಲವೂ ಬಾಯಿಮಾತು. ನಾನು ಮೊದಲ ಸಲ ಹನೂರಿಗೆ ಹೋದಾಗ ಆ ಮಗ್ಗದ ಮರಗಳು ಕೊಟ್ಟಿಗೆಯ ತೊಲೆಗೆ ನೇತುಬಿದ್ದಿದ್ದವು. ಅವುಗಳ ಮೇಲೆ ಕೋಳಿಗಳು ಕೂತಿದ್ದವು. ಅತ್ತೆ ದೂರಲಿಲ್ಲ. ಕೋಳಿಗಳನ್ನು ಎಬ್ಬಿಸಿ, ಮರದ ಮೇಲಿನ ಹಿಕ್ಕೆಯನ್ನು ಸೆರಗಿನಿಂದಲೇ ಒರೆಸಿದಳು. ನನ್ನ ಮದುವೆಯ ಮಾತು ಬಂದಾಗ ನಾನು ಅಪ್ಪನನ್ನು ಕೇಳಿದ್ದು ಒಂದೇ: ನನ್ನ ಮಗ್ಗದ ವಿಷಯ ಕಾಗದದಲ್ಲಿ ಬರಬೇಕು.

ನಮ್ಮವರಲ್ಲಿ ಮದುವೆ ಗೊತ್ತುಮಾಡುವ ಒಪ್ಪುವೀಳ್ಯದ ದಿನ ಕಾಗದ ಬರೆಯುವ ಪದ್ಧತಿ ಉಂಟು. ಮುಹೂರ್ತ, ಕೊಡುವುದು ತರುವುದು, ಊಟ ಯಾರ ಕಡೆಯದು, ಇಷ್ಟನ್ನು ಕುಲದ ಯಜಮಾನರು ಎರಡು ಪ್ರತಿ ಬರೆದು, ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ಎಲೆ ಅಡಿಕೆಯ ಜೊತೆಗೆ ಎರಡೂ ಕಡೆಯವರಿಗೆ ಕೊಡುತ್ತಾರೆ. ಹುಡುಗನ ಮನೆಯವರು ಯಳಂದೂರಿನವರು. ಅವರ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಬಟ್ಟೆ ಅಂಗಡಿ ಇಟ್ಟವರು. 1965ರ ಫೆಬ್ರವರಿ 14ರ ಭಾನುವಾರ ನಮ್ಮ ಮನೆಗೆ ಬಂದರು. ನಾನು ಒಳಕೋಣೆಯಲ್ಲಿ ಬಾಗಿಲ ಪಕ್ಕ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಊಟದ ವಿಷಯ ಮುಗಿದ ಮೇಲೆ ಅಪ್ಪ ಮಗ್ಗದ ಮಾತು ತೆಗೆದರು. ಮಗಳ ಜೊತೆ ಮಗ್ಗ ಬರುತ್ತದೆ, ಅದಕ್ಕೆ ನಿಮ್ಮ ಮನೆಯಲ್ಲಿ ಗುಂಡಿ ತೋಡಿಸಿಕೊಡಬೇಕು ಎಂದರು. ನಮ್ಮದು ನೆಲದ ಮಗ್ಗ. ನೇಯುವವರು ನೆಲದ ಮೇಲೆ ಕೂತು, ಮುಂದಿನ ಗುಂಡಿಯೊಳಗೆ ಕಾಲು ಇಳಿಬಿಟ್ಟು ಹಲಗೆ ತುಳಿಯಬೇಕು. ಗುಂಡಿ ಇಲ್ಲದಿದ್ದರೆ ಅದು ಮಗ್ಗವಲ್ಲ, ಸೌದೆ.

ಯಜಮಾನರು ಲೇಖನಿ ಎತ್ತಿಹಿಡಿದರು. "ಬ್ಯಾಡ ಕಣಪ್ಪ. ಮದ್ವೆ ಕಾಗ್ದದಲ್ಲಿ ಗುಂಡಿ ತೋಡೋ ಮಾತು ಬರೀಬಾರ್ದು. ಅದು ಯಾವಾಗ ತೋಡೋದು ಅಂತ ನಿಂಗೊತ್ತಿಲ್ವಾ?"

ಹೆಣ ಹೂಳುವಾಗ ಎಂದು ಎಲ್ಲರಿಗೂ ಗೊತ್ತಿತ್ತು. ಮಾತನ್ನು ಹಗುರ ಮಾಡಿದವರು ಹುಡುಗನ ತಂದೆ. "ಗುಂಡಿ ಬೇಕಂದ್ರೆ ನಮ್ಮಂಗ್ಡೀಲಿ ಡಬ್ಬಿಗಟ್ಲೆ ಅವೆ ಕಣ್ರಿ. ಇತ್ತಾಳೇವೂ ಅವೆ, ಚಿಪ್ಪಿನವೂ ಅವೆ. ಎಂಗ್ ಬೇಕೋ ಅಂಗೆ ಒಲಿಸ್ಕಳ್ಲಿ."

ಅಂಗಿಯ ಗುಂಡಿಯ ಈ ಮಾತಿಗೆ ಪಡಸಾಲೆಯೆಲ್ಲ ನಕ್ಕಿತು. ಬಾಗಿಲ ಮರೆಯಲ್ಲಿ ನಾನೂ ನಕ್ಕೆ. ಆ ನಗುವಿನ ನಡುವೆಯೇ ಯಜಮಾನರು ತಮಗೆ ತೋಚಿದಂತೆ ಒಂದು ಸಾಲು ಬರೆದು, ಓದಿ, ಅರಿಸಿನ ಹಚ್ಚಿಬಿಟ್ಟರು: 'ಕನ್ಯೆಯ ಮಗ್ಗವನ್ನು ಇಡಲು ವರನ ಕಡೆಯವರು ತಕ್ಕ ಜಾಗ ಕೊಡತಕ್ಕದ್ದು.'

ಮೂರು ದಿನ ಬಿಟ್ಟು ಆ ಕಾಗದವನ್ನು ದಿನಚರಿಗೆ ನಕಲು ಮಾಡುವಾಗ 'ಇಡಲು' ಎಂಬಲ್ಲಿ ನನ್ನ ಕೈ ನಿಂತಿತು. ನಮ್ಮ ಕಡೆ ಮಾತಿನಲ್ಲಿ ಹೇಳುವುದಾದರೆ ಅದು ಮಡಗುವುದು. ಕೊಡವನ್ನು ಮಡಗುತ್ತೇವೆ, ಒನಕೆಯನ್ನು ಮಡಗುತ್ತೇವೆ. ಮಗ್ಗವನ್ನು ಹೂಡುತ್ತೇವೆ. ಹನೂರಿನ ಅತ್ತೆಯ ಮಗ್ಗವನ್ನೂ ಅವರು ತಕ್ಕ ಜಾಗದಲ್ಲೇ ಇಟ್ಟಿದ್ದರಲ್ಲ, ಕೋಳಿಗಳಿಗೆ ಎಟುಕುವಂತೆ! ಕಾಗದ ತೆಗೆದುಕೊಂಡು ಅಪ್ಪನ ಬಳಿ ಹೋದೆ. ಅವರು ಎರಡು ಸಲ ಓದಿ ತಲೆ ಕೆರೆದುಕೊಂಡರು. ತಪ್ಪಾಗಿದೆ ಎಂದು ಒಪ್ಪಿದರು.

"ಆದ್ರೆ ಅರಿಸ್ನ ಅಚ್ಚಿದ್ ಕಾಗ್ದ ಕಣವ್ವ. ತಿದ್ದಬಾರ್ದು. ತಿದ್ದುದ್ರೆ ಸಂಬಂಧ್ವೇ ತಿದ್ದುದಂಗೆ" ಎಂದರು. ಹೋದ ಮೇಲೆ ಬಾಯಲ್ಲಿ ಹೇಳಿಕೊಂಡರಾಯಿತು ಎಂದೂ ಸೇರಿಸಿದರು. ತಾತ ಹನೂರಿನ ಅತ್ತೆಗೆ ಹೇಳಿದ್ದೂ ಅದನ್ನೇ ಇರಬೇಕು.

ಮಾರ್ಚ್ 21ರಂದು ಯಳಂದೂರಿನವರು ಜವಳಿ ತೆಗೆಯಲು ಕೊಳ್ಳೇಗಾಲಕ್ಕೆ ಬಂದರು. ಹುಡುಗ, ಅವರ ತಂದೆ, ತಾಯಿ. ಧಾರೆ ಸೀರೆಯನ್ನು ಅಂಗಡಿಯಲ್ಲಿ ಕೊಳ್ಳುವುದು ಬೇಡ, ನಾನೇ ನೇಯ್ದದ್ದಾಗಲಿ ಎಂದು ಮೊದಲೇ ಮಾತಾಗಿತ್ತು. ಅದು ಮಗ್ಗದ ಮೇಲಿತ್ತು. ಅರಿಸಿನ ಬಣ್ಣದ ಒಡಲು, ಕುಂಕುಮದ ಬಣ್ಣದ ಅಂಚು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಗಿತ್ತು. ಅದನ್ನು ನೋಡಬೇಕು ಎಂದು ಮೂವರೂ ನೇರ ಮಗ್ಗದ ಮನೆಗೇ ಬಂದರು. ಅಪ್ಪ ಹಿಂದೆಯೇ ಓಡಿ ಬಂದರು, ಅವ್ವ ನೀರಿನ ಚೊಂಬು ಹಿಡಿದು ಬಂದಳು.

ನಾನು ಗುಂಡಿಯಲ್ಲಿದ್ದೆ. ಲಾಳಿ ಕೈಯಲ್ಲಿತ್ತು. ತಟ್ಟನೆ ಎದ್ದು ನಿಲ್ಲಲು ಆ ಜಾಗದಲ್ಲಿ ಆಗುವುದಿಲ್ಲ. ಕೂತಲ್ಲೇ ಕೈ ಮುಗಿದೆ. ಎಲ್ಲರ ಪಾದಗಳು ನನ್ನ ಮುಂದೆ ಸಾಲಾಗಿ ಕಂಡವು. ಹುಡುಗನ ತಾಯಿ, ಅಂದರೆ ನನ್ನ ಈಗಿನ ಅತ್ತೆ, ಬಗ್ಗಿ ಅಂಚು ಸವರಿ ನೋಡಿ, ಚೆನ್ನಾಗಿದೆ ಎಂದರು. ಮಾವ ಬಟ್ಟೆ ವ್ಯಾಪಾರಿಯಂತೆ ಒಡಲನ್ನು ಬೆರಳಲ್ಲಿ ಹಿಡಿದು ನೋಡಿ, ಇನ್ನೂ ಚೆನ್ನಾಗಿದೆ ಎಂದರು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಅನ್ನಿಸಿತು. ಕಾಗದದಲ್ಲಿ 'ಇಡಲು' ಎಂದಿರುವುದು ಅಟ್ಟದ ಮೇಲೆ ಇಡಲಿಕ್ಕೋ, ನೇಯಲಿಕ್ಕೋ ಎಂದು ಕೇಳಿದೆ. ಅಪ್ಪ ನನ್ನ ಹೆಸರು ಹಿಡಿದು ಮೆಲ್ಲಗೆ ಗದರಿದರು.

ಮಾವ ಸಿಟ್ಟಾಗಲಿಲ್ಲ. ನಿಜವನ್ನೇ ಹೇಳಿದರು. ಹಿಂದಿನ ವರ್ಷವಷ್ಟೇ ಮನೆಗೆ ಕೆಂಪು ಸಿಮೆಂಟಿನ ನೆಲ ಹಾಕಿಸಿದ್ದಾರಂತೆ. ಮುಖ ಕಾಣುವಷ್ಟು ಹೊಳಪು. ಅದನ್ನು ಅಗೆಯಲು ಅವರಿಗೆ ಮನಸ್ಸಿಲ್ಲ. ಅಟ್ಟದ ಮೇಲೆ ಮಗ್ಗಕ್ಕಾಗಿಯೇ ಜಾಗ ಖಾಲಿ ಮಾಡಿಸಿ ಗುಡಿಸಿಯೂ ಇದ್ದಾರಂತೆ. ಕೊನೆಗೆ ದನಿ ತಗ್ಗಿಸಿ, "ಇನ್ನೊಂದ್ ಮಾತು ಕಣವ್ವ. ಸೊಸೆ ನೇಯ್ದ್ ಆಕ್ತಾಳೆ, ಮಾವ ಕುಂತ್ ತಿಂತಾನೆ ಅಂತದೆ ಊರು" ಎಂದರು.

ನಾನು ಕೈಯಲ್ಲಿದ್ದ ಲಾಳಿಯನ್ನು ಹಾಸಿನ ಮೇಲೆ ಇಟ್ಟು ಹೇಳಿದೆ:

"ಸುಮ್ಕೆ ಕುಂತಿರಕ್ಕೆ ನಂಗೆ ಬರಾಕಿಲ್ಲ, ಮಾವ. ಕಾಲಿಡಕ್ಕೆ ಅಲ್ಲಿ ಗುಂಡಿ ಇಲ್ಲ ಅಂದ್ರೆ ಈ ಸೀರೆ ಇಷ್ಟಕ್ಕೇ ನಿಲ್ಲುಸ್ತೀನಿ."

ಧಾರೆ ಸೀರೆ ನಿಂತರೆ ಏನು ನಿಂತಂತೆ ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟರಲ್ಲಿ, ಬಂದಾಗಿನಿಂದ ಒಂದು ಮಾತೂ ಆಡದಿದ್ದ ಹುಡುಗ ಗುಂಡಿಯ ಅಂಚಿಗೆ ಬಂದು ಇಣುಕಿ ನೋಡಿದರು. ನನ್ನ ಕಾಲು ಕಂಡದ್ದಕ್ಕೆ ನಾಚಿ ಹಿಂದೆ ಸರಿದು, ಅಪ್ಪನ ಕಡೆ ತಿರುಗಿ ಕೇಳಿದರು:

"ಆಳ ಎಷ್ಟಿರ್ಬೇಕು?"

ಅತ್ತೆ ತಕ್ಷಣ ಆ ಮಾತನ್ನು ಹಿಡಿದುಕೊಂಡರು. ಹಿಂದಿನ ಸೌದೆ ಕೋಣೆಯ ನೆಲ ಇನ್ನೂ ಮಣ್ಣಿನದೇ, ಅದನ್ನು ಸಾರಿಸುವವರು ತಾವೇ, ಅಲ್ಲಿ ಅಗೆದರೆ ಯಾರ ಕೆಂಪು ನೆಲವೂ ಕೆಡುವುದಿಲ್ಲ ಎಂದರು. ಬೆಳಕಿಗೆ ಹಿತ್ತಲ ಕಡೆಯ ಕಿಟಕಿಯೂ ಇದೆಯಂತೆ.

"ಅಂಗಾರೆ ಸೌದೆ ಎಲ್ಲಿ ಮಡಗೋದು?" ಎಂದರು ಮಾವ.

"ಅಟ್ಟದ್ ಮೇಲೆ ಮಡಗಿ. ಮಗ್ಗಕ್ಕೆ ಅಂತ ಗುಡ್ಸಿ ಮಡಗಿದ್ದೀರಲ್ಲ, ಆ ತಕ್ಕ ಜಾಗ್ದಲ್ಲಿ" ಎಂದರು ಅತ್ತೆ.

ಮಾವನೇ ಮೊದಲು ನಕ್ಕರು. ಆಮೇಲೆ ಅವರೂ ತಮ್ಮದೊಂದು ಶರತ್ತು ಹಾಕಿದರು. ನಾನು ನೇಯ್ದ ಸೀರೆಗಳು ಅವರ ಅಂಗಡಿಯಲ್ಲೇ ಮಾರಾಟವಾಗಬೇಕು. ಆಗ ಊರವರು, ಅಂಗಡಿಗೆ ಸ್ವಂತ ಮಗ್ಗ ಇದೆ ಎನ್ನುತ್ತಾರೆಯೇ ಹೊರತು ಬೇರೆ ಮಾತು ಬರುವುದಿಲ್ಲ. ನಾನು ಒಪ್ಪಿದೆ, ಆದರೆ ಯಾವ ಬಣ್ಣ, ಯಾವ ಅಂಚು ಎನ್ನುವುದು ನನ್ನ ಇಷ್ಟ ಎಂದೆ. ಅದಕ್ಕೆ ಅವರು ಒಪ್ಪಿದರು.

ಉಳಿದದ್ದು ಅಳತೆ. ಗುಂಡಿಯನ್ನು ನೇಯುವವರ ಕಾಲಿಗೆ ತಕ್ಕಂತೆ ತೋಡಬೇಕು. ಅಪ್ಪನ ಗುಂಡಿ ನನಗೆ ಆಗುವುದಿಲ್ಲ, ನನ್ನದು ಅಪ್ಪನಿಗೆ ಆಗುವುದಿಲ್ಲ. ಅಳತೆಯನ್ನು ಬರೆದುಕೊಡೋಣವೆಂದರೆ ಮತ್ತೆ ಅದೇ ಅಪಶಕುನದ ಮಾತು ಬರೆಯಬೇಕು. ಗಂಡಸರು ಹೊರಗೆ ಹೋದ ಮೇಲೆ ಅವ್ವ ಕುಂಕುಮ ಬಣ್ಣದ ರೇಷ್ಮೆ ನೂಲು ತಂದಳು. ನನ್ನ ಮಂಡಿಯ ಹಿಂಬದಿಯಿಂದ ಹಿಮ್ಮಡಿಯವರೆಗೆ ಹಿಡಿದು ಒಂದು ಗಂಟು ಹಾಕಿದಳು. ತುಳಿಯುವ ಹಲಗೆ ಆಡಲು ಅದರ ಕೆಳಗೆ ಒಂದು ಗೇಣು ಬಿಟ್ಟು ಇನ್ನೊಂದು ಗಂಟು ಹಾಕಿದಳು. ಎರಡನೆಯ ಗಂಟಿನವರೆಗೆ ಆಳ. ಆ ನೂಲನ್ನು ಸುರುಳಿ ಸುತ್ತಿ, ಎಲೆ ಅಡಿಕೆಯಲ್ಲಿ ಇಟ್ಟು ಅತ್ತೆಯ ಕೈಗೆ ಕೊಟ್ಟಳು.

ಯಜಮಾನರಿಗೆ ಹೇಳಿಕಳಿಸಿದೆವು. ಅವರು ಬಂದು ನೂಲನ್ನು ತಿರುಗಿಸಿ ನೋಡಿ, "ಇದ್ರಲ್ಲಿ ಅಕ್ಷರ ಇಲ್ವಲ್ಲ. ಇದ್ಕೆ ನಂದೇನೂ ಅಡ್ಡಿ ಇಲ್ಲ" ಎಂದರು. ಯಳಂದೂರಿನವರ ಪ್ರತಿಯನ್ನು ಮಾವ ಜೇಬಿನಿಂದ ತೆಗೆದುಕೊಟ್ಟರು. ಯಜಮಾನರು 'ಇಡಲು' ಎಂಬ ಸಾಲಿನ ಪಕ್ಕ ಕಾಗದಕ್ಕೆ ತೂತು ಮಾಡಿ, ನೂಲನ್ನು ತಾವೇ ಪೋಣಿಸಿ ಕಟ್ಟಿದರು. ಒಂದು ಅಕ್ಷರವೂ ತಿದ್ದಲಿಲ್ಲ. ಆ ಸಂಜೆಯೇ ನಾನು ಮತ್ತೆ ಲಾಳಿ ಹಿಡಿದೆ. ದಿನಚರಿಯಲ್ಲಿ ಆ ದಿನಕ್ಕೆ ಎರಡು ಗೇಣು ನೇಯ್ದದ್ದೆಂದು ಇದೆ. ಅರ್ಧ ದಿನ ಮಾತಿನಲ್ಲೇ ಹೋಗಿದ್ದರೂ ಅದು ಕಡಿಮೆಯೇನಲ್ಲ.

ಮದುವೆ ಮೇ ತಿಂಗಳಲ್ಲಿ ಕೊಳ್ಳೇಗಾಲದಲ್ಲಿ ಆಯಿತು. ಮಗ್ಗದ ಮರಗಳು ನಮ್ಮ ಜೊತೆಗೇ ಬಸ್ಸಿನ ಮೇಲೆ ಯಳಂದೂರಿಗೆ ಬಂದವು. ಹೊಸ್ತಿಲು ದಾಟಿ, ದೀಪ ಹಚ್ಚಿ, ಹಾಲು ಹಣ್ಣು ಮುಗಿಸಿ, ಇನ್ನು ಕುತೂಹಲ ತಡೆಯಲಾರದೆ ಹಿಂದಿನ ಕೋಣೆಗೆ ಹೋದೆ. ಸೌದೆ ಇರಲಿಲ್ಲ. ಕಿಟಕಿಯ ಪಕ್ಕ ಗುಂಡಿ ಇತ್ತು. ಒಳಗೋಡೆಗೆ ಸಗಣಿ ಸಾರಿಸಿ, ಬಾಯಿಯ ಸುತ್ತ ರಂಗೋಲಿ ಎಳೆ ಹಾಕಿದ್ದರು. ನಮ್ಮೆಜಮಾನರು ಅಂಗಡಿ ಮುಚ್ಚಿದ ಮೇಲೆ ದಿನಾ ಸ್ವಲ್ಪ ಸ್ವಲ್ಪ ತಾವೇ ಅಗೆದದ್ದು ಎಂದು ಅತ್ತೆ ಹೇಳಿದರು.

ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ. ಹಲಗೆ ಹಾಕುವ ಮಟ್ಟಕ್ಕೆ ಪಾದ ಮುಟ್ಟಲಿಲ್ಲ. ಇನ್ನೂ ನಾಲ್ಕು ಬೆರಳು ಕೆಳಗಿತ್ತು. ಕಾಗದಕ್ಕೆ ಕಟ್ಟಿದ್ದ ನೂಲು ತರಿಸಿ ಹಿಡಿದು ನೋಡಿದೆ. ಗಂಟು ಸರಿಯಾಗಿಯೇ ಇತ್ತು, ಆಳವೇ ಹೆಚ್ಚು. ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿದೆ. ಅವರು ಆ ನಾಲ್ಕು ಬೆರಳನ್ನೇ ನೋಡುತ್ತಾ ಹೇಳಿದರು:

"ಅಂಗ್ಡೀಲಿ ಅಳ್ದು ಅಳ್ದು ಅಭ್ಯಾಸ. ಕೊಸ್ರು ಬಿಡ್ದೆ ಅಳಿಯಕ್ಕೆ ಬರಾಕಿಲ್ಲ ನಂಗೆ."

ಬಟ್ಟೆ ಅಳೆದು ಕೊಡುವಾಗ ಗಿರಾಕಿಗೆ ನಾಲ್ಕು ಬೆರಳು ಕೊಸರು ಬಿಡುವುದು ಈ ಅಂಗಡಿಯ ಹಳೆಯ ರೂಢಿ. ನನಗೂ ಬಿಟ್ಟಿದ್ದರು. ಮಾರನೆಯ ದಿನ ಮಾವ ಅಂಗಡಿಯಿಂದ ನಾಲ್ಕು ಬೆರಳು ದಪ್ಪದ ಹಳೆಯ ಹಲಸಿನ ಹಲಗೆಯ ತುಂಡೊಂದನ್ನು ತಂದು ಗುಂಡಿಯ ತಳಕ್ಕೆ ಹಾಕಿಕೊಟ್ಟರು. ಕಾಲಿಗೆ ಸರಿಹೋಯಿತು. ಜೂನ್ ಮೊದಲ ವಾರ ಹಾಸು ಏರಿಸಿದೆ. ಅಂದಿನಿಂದ ಇಂದಿನವರೆಗೆ ಹದಿಮೂರು ಸೀರೆ ಇಳಿದಿವೆ. ಹದಿನಾಲ್ಕನೆಯದು ಮಗ್ಗದ ಮೇಲಿದೆ, ನೇರಳೆ ಒಡಲು. ಆ ಬಣ್ಣ ಯಾರೂ ಕೊಳ್ಳುವುದಿಲ್ಲ ಎನ್ನುತ್ತಾರೆ ಮಾವ. ನೋಡಬೇಕು.

ಹೋದ ದೀಪಾವಳಿಗೆ ಹನೂರಿನ ಅತ್ತೆ ಬಂದಿದ್ದಳು. ಗುಂಡಿಯಲ್ಲಿ ಕಾಲಿಟ್ಟು ಒಂದಷ್ಟು ಹೊತ್ತು ನೇಯ್ದಳು. ಕೈ ಮರೆತಿರಲಿಲ್ಲ. ಅವಳ ಕಾಲು ನನ್ನದಕ್ಕಿಂತ ಉದ್ದ. ಹಲಗೆ ತುಂಡು ತೆಗೆದಾಗ ಆ ಗುಂಡಿ ಅವಳಿಗೆ ಅಳತೆ ಹಿಡಿದು ತೋಡಿಸಿದಂತೆಯೇ ಆಯಿತು. ಹೊರಡುವಾಗ ಒಂದು ನೂಲು ಕೇಳಿದಳು. ಅವಳ ಕಾಲಿಗೆ ಹಿಡಿದು ನಾನೇ ಗಂಟು ಹಾಕಿಕೊಟ್ಟೆ. ಅವಳ ಮನೆಯ ಕೊಟ್ಟಿಗೆಯದು ಮಣ್ಣಿನ ನೆಲ.

ಬರೆಯುತ್ತಾ ನಾಲ್ಕೂಕಾಲು ಗಂಟೆಯಾಯಿತು. ನನಗೆ ಇನ್ನೂ ತಿಳಿಯದ ಒಂದು ಸಂಗತಿ ಉಳಿದಿದೆ. ನಮಗಿಂತ ಮುಂಚೆಯೂ ಯಾರೋ ಹೆಣ್ಣುಮಕ್ಕಳು ಮಗ್ಗದ ಜೊತೆ ಗಂಡನ ಮನೆಗೆ ಹೋಗಿರಲೇಬೇಕು. ಅವರ ಒಪ್ಪುವೀಳ್ಯದ ಕಾಗದದಲ್ಲಿ ಗುಂಡಿಗೆ ಯಾವ ಮಾತು ಬರೆದರು? ಇಲ್ಲವೇ ನಮ್ಮಂತೆಯೇ ಬರೆಯದೆ ಬೇರೆ ದಾರಿ ಹಿಡಿದರೇ? ನಿಮ್ಮ ಮನೆಯ ಹಳೆಯ ಕಾಗದದಲ್ಲಿ ಅಂಥ ಸಾಲು ಇದ್ದರೆ, ಅಥವಾ ನಿಮ್ಮ ಅಜ್ಜಿ ಹೇಳಿದ್ದು ನೆನಪಿದ್ದರೆ, ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಆ ಮಾತು ಯಾವುದಿತ್ತೋ ಹಾಗೆಯೇ ಬರೆಯಿರಿ, ಯಾವ ಊರು ಎಂದೂ ತಿಳಿಸಿ.