ಎರಡು ವಾರಕ್ಕೆ ನಲವತ್ತು ಗಂಟೆ

ನನ್ನ ಅಕ್ಕನ ಮಗಳು ಪದ್ಮಳನ್ನು ಆಸ್ಟ್ರೇಲಿಯಾದಿಂದ ಹಿಂದಕ್ಕೆ ಕಳಿಸಿದ್ದಕ್ಕೆ ಕಾರಣ ನಾನು. ಅವಳು ಮಾಡಿದ ತಪ್ಪನ್ನು ಅವಳಿಗೆ ಹೇಳಿಕೊಟ್ಟವನು ನಾನು. ಯಾರು ಹೇಳಿಕೊಟ್ಟರೆಂದು ಅವಳ ತಂದೆ ಎಲ್ಲರ ಮುಂದೆ ಕೇಳಿದಾಗ, ಎರಡು ಮಾರು ದೂರದಲ್ಲಿ ಕುಳಿತು ಸುಳ್ಳು ಹೇಳಿದವನೂ ನಾನೇ.

ತಾಯಲೂರಿನಲ್ಲಿ, ಮುಳಬಾಗಿಲಿನಲ್ಲಿ, ನಮ್ಮ ನೆಂಟರಿರುವ ಕಡೆಯಲ್ಲೆಲ್ಲ ಜನ ಈ ವಿಷಯವನ್ನು ಇಷ್ಟು ವರ್ಷ ಬೇರೆ ಥರವೇ ಹೇಳಿಕೊಂಡು ಬಂದಿದ್ದಾರೆ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಈಗ ನನಗೆ ನೆನಪಿರುವಷ್ಟನ್ನು ಬರೆಯುತ್ತೇನೆ. ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಬರೆಯುತ್ತೇನೆ.

ನಾನು ಇಪ್ಪತ್ತು ವರ್ಷ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತನಾಗಿದ್ದೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆಯುವುದು ಕೆಲಸ. ಅಲ್ಲಿ ಒಂದು ಪದ್ಧತಿ ಇತ್ತು. ಹೆಂಚು ಸುಡುವ ಗೂಡಿಗೆ ಬೆಂಕಿ ಹಾಕಿದ ವಾರ ಆಳುಗಳು ಅರವತ್ತು ಗಂಟೆ ದುಡಿಯಬೇಕಾಗುತ್ತಿತ್ತು. ಬೆಂಕಿ ಆರಿಸಿ ಗೂಡು ತಣಿಯುವ ವಾರ ಮೂವತ್ತಾರು ಗಂಟೆಗಿಂತ ಹೆಚ್ಚು ಕೆಲಸವಿರುತ್ತಿರಲಿಲ್ಲ. ಕಾನೂನು ವಾರಕ್ಕೆ ನಲವತ್ತೆಂಟು ಎನ್ನುತ್ತಿತ್ತು. ನಾನು ಮೊದಲ ವಾರದ ಹೆಚ್ಚುವರಿ ಹನ್ನೆರಡು ಗಂಟೆಯನ್ನು ಎರಡನೆಯ ವಾರಕ್ಕೆ ಸೇರಿಸಿ, ನಲವತ್ತೆಂಟು, ನಲವತ್ತೆಂಟು ಎಂದು ಬರೆಯುತ್ತಿದ್ದೆ. ಅದಕ್ಕೆ ನಾವು ಸರಿದೂಗಿಸುವುದು ಎನ್ನುತ್ತಿದ್ದೆವು. ಇನ್‌ಸ್ಪೆಕ್ಟರು ಬರುತ್ತಿದ್ದರು, ತಿಂಗಳ ಮೊತ್ತ ನೋಡುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು. ಆಳುಗಳ ಕೂಲಿಯಲ್ಲಿ ಬಿಡಿಗಾಸೂ ಕಡಿಮೆಯಾಗುತ್ತಿರಲಿಲ್ಲವಾದ್ದರಿಂದ ಅದು ಸುಳ್ಳು ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಮೊತ್ತ ಸರಿಯಿದ್ದರೆ ನಿಯಮ ಸರಿಯಿದ್ದಂತೆ — ಇಪ್ಪತ್ತು ವರ್ಷದಲ್ಲಿ ನಾನು ಕಲಿತ ವಿದ್ಯೆ ಅದು.

ಎರಡು ಸಾವಿರದ ನಾಲ್ಕರ ಸುಮಾರಿಗೆ ಕಾರ್ಖಾನೆ ಮುಚ್ಚಿತು. ನಾನು ಮುಳಬಾಗಿಲಿಗೆ ಬಂದು ಮನೆಯಲ್ಲಿ ಕುಳಿತೆ.

ಪದ್ಮಳಿಗೆ ವೀಸಾ ಬಂದದ್ದು ಅದಾದ ಎರಡು ವರ್ಷಕ್ಕೆ. ಕೋಲಾರದಲ್ಲಿ ಬಿಕಾಂ ಮುಗಿಸಿದ್ದಳು. ಮೆಲ್ಬರ್ನಿನ ಒಂದು ಕಾಲೇಜಿನಲ್ಲಿ ಹೋಟೆಲ್ ಅಡುಗೆಯ ಎರಡು ವರ್ಷದ ಕೋರ್ಸು. ಅವಳ ತಂದೆ, ಅಂದರೆ ನಮ್ಮ ಭಾವ, ತಾಯಲೂರಿನ ಹತ್ತಿರದ ಶಾಲೆಯಲ್ಲಿ ಹೆಡ್‌ಮಾಸ್ಟರು. ಅಡುಗೆ ಕಲಿಯಲು ಮಗಳನ್ನು ಅಷ್ಟು ದೂರ ಕಳಿಸುವುದು ಅವರಿಗೆ ಸುಲಭವಾಗಿರಲಿಲ್ಲ. ಅಕ್ಕ ನಗುತ್ತಿದ್ದಳು: "ಇಲ್ಲಿ ಒಂದಿನ ಸಾರು ಮಾಡೇ ಅಂದ್ರೆ ಪುಸ್ತಕ ಹಿಡ್ಕೊಂಡು ಮಹಡಿ ಹತ್ತೋಳು. ಇವಳು ಸಮುದ್ರ ದಾಟಿ ಒಲೆ ಮುಂದೆ ನಿಲ್ತಾಳಂತೆ!" ಆದರೆ ಪದ್ಮಳಿಗೆ ಅದೊಂದೇ ಬೇಕಾಗಿತ್ತು. ತನ್ನದೇ ಒಂದು ಅಡುಗೆಮನೆ ನಡೆಸಬೇಕು ಎಂದು ಹದಿನಾರನೇ ವಯಸ್ಸಿನಿಂದ ಹೇಳುತ್ತಿದ್ದವಳು.

ವೀಸಾದ ಕಾಗದವನ್ನು ಭಾವ ಎರಡು ಸಲ ಓದಿ, ಒಂದು ನಕಲು ನನ್ನ ಕೈಗೆ ಕೊಟ್ಟರು. "ಕೆಲಸದ ಕಾನೂನೆಲ್ಲ ನಿನಗೇ ಗೊತ್ತಿರೋದಪ್ಪ. ಇದೊಂದು ನಿನ್ನ ಹತ್ರ ಇರ್ಲಿ. ಅವಳು ಏನಾದ್ರೂ ಕೇಳಿದ್ರೆ ನೋಡಿ ಹೇಳು" ಎಂದರು. ನೋಡಿ ಹೇಳು ಎಂದಿದ್ದರು. ನಾನು ಅದನ್ನು ಬೀರುವಿನಲ್ಲಿಟ್ಟೆ.

ಅವಳು ಹೋಗಿ ಆರು ತಿಂಗಳಾಗಿರಬೇಕು. ಭಾನುವಾರ ಮಧ್ಯಾಹ್ನ ಫೋನು ಮಾಡಿದಳು. ಕಾಲೇಜು ಮುಗಿಸಿಕೊಂಡು ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ವಿಷಯ ನಮಗೆ ಗೊತ್ತಿತ್ತು.

"ಮಾಮ, ಒಂದು ವಿಷಯ ಕೇಳ್ಲಾ? ಅಪ್ಪನ್ನ ಕೇಳಿದ್ರೆ ಕೆಲಸಾನೇ ಬಿಟ್ಬಿಡು ಅಂತಾರೆ."

"ಕೇಳಮ್ಮ."

"ಓನರು ಒಂದು ವಾರ ಇಪ್ಪತ್ತೆಂಟು ಗಂಟೆ ಬಾ ಅಂತಾರೆ. ಮುಂದಿನ ವಾರ ಹನ್ನೆರಡು ಸಾಕಂತೆ. ವೀಸಾದಲ್ಲಿ ಕಾಲೇಜು ನಡೆಯೋವಾಗ ವಾರಕ್ಕೆ ಇಪ್ಪತ್ತೇ ಅಂತ ಇದ್ಯಲ್ಲ?"

"ಎರಡೂ ಸೇರಿದ್ರೆ ಎಷ್ಟಾಯ್ತು?"

"ನಲವತ್ತು."

"ಮತ್ತೆ? ಎರಡು ವಾರಕ್ಕೆ ನಲವತ್ತೇ ತಾನೇ ಅವರು ಕೊಟ್ಟಿರೋದು? ಸರಿದೂಗುತ್ತೆ ಬಿಡು. ಇಪ್ಪತ್ತು ವರ್ಷ ಇದನ್ನೇ ಮಾಡಿದೀನಿ ಕಣೇ ನಾನು."

ಅವಳು ಕೇಳಿದಳು: "ಕಾಲೇಜ್ ಆಫೀಸಲ್ಲಿ ಒಂದ್ಸಲ ಕೇಳಿಬಿಡ್ಲಾ ಮಾಮ? ಅಲ್ಲೊಬ್ರು ಮೇಡಂ ಇದಾರೆ, ಒಳ್ಳೆಯೋರು."

"ಕೇಳಬೇಡ. ಕೇಳಿದ್ರೆ ಇಲ್ಲದ ಅನುಮಾನ ಬರುತ್ತೆ."

ಇವು ನಾನಾಡಿದ ಮಾತುಗಳು. ಇವುಗಳಲ್ಲಿ ನನಗೆ ಅನುಮಾನವಿಲ್ಲ.

ಫೋನಿಟ್ಟಿದ್ದ ಮೇಜಿನಿಂದ ಬೀರು ಐದು ಹೆಜ್ಜೆ. ಕಾಗದ ತೆಗೆದು ನೋಡಿದ್ದರೆ — ನೋಡಲಿಲ್ಲ. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದು ಅನ್ನಬಹುದಿತ್ತು. ಎರಡು ವರ್ಷದಿಂದ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಸಮುದ್ರದಾಚೆಯಿಂದ ಒಬ್ಬಳು ಕೇಳುತ್ತಿದ್ದಾಳೆ ಎಂಬ ಹಿಗ್ಗಿನಲ್ಲಿ — ಇಷ್ಟೇ. ಇದನ್ನು ಸಮರ್ಥನೆಗೆಂದು ಬರೆಯುತ್ತಿಲ್ಲ. ಕಾರಣ ಇಷ್ಟು ಚಿಕ್ಕದಾಗಿತ್ತು ಎಂದು ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಅವಳು ಒಂದು ವರ್ಷ ಹಾಗೆಯೇ ಕೆಲಸ ಮಾಡಿದಳು. ಇಪ್ಪತ್ತೆಂಟು, ಹನ್ನೆರಡು. ಮೂವತ್ತು, ಹತ್ತು. ಕೋರ್ಸು ಮುಗಿಯಲು ನಾಲ್ಕೈದು ತಿಂಗಳಿದ್ದಾಗ ವೀಸಾ ಇಲಾಖೆಯವರು ಆ ಹೋಟೆಲಿಗೆ ತಪಾಸಣೆಗೆ ಬಂದರು. ಜೊತೆಯಲ್ಲಿದ್ದ ಹುಡುಗರಿಬ್ಬರು ಹಿಂಬಾಗಿಲಿನಿಂದ ಓಡಿದರಂತೆ. ಇವಳು ಓಡಲಿಲ್ಲ. ತಾನು ತಪ್ಪು ಮಾಡಿಲ್ಲ ಎಂದು ನಂಬಿದ್ದವಳು ಯಾಕೆ ಓಡುತ್ತಾಳೆ? ತನ್ನ ಚೀಲದಿಂದ ಒಂದು ಪುಟ್ಟ ಡೈರಿ ತೆಗೆದು ತಾನೇ ತೋರಿಸಿದಳಂತೆ. ಪ್ರತಿದಿನದ ಗಂಟೆಗಳೂ ಅದರಲ್ಲಿದ್ದವು. ಎರಡೆರಡು ವಾರಕ್ಕೊಮ್ಮೆ ಗೆರೆ ಎಳೆದು ನಲವತ್ತು ಎಂದು ಬರೆದಿದ್ದಳು. ಅಧಿಕಾರಿಗಳಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಲಿಲ್ಲ. ಆ ಕಾಲದ ನಿಯಮದಲ್ಲಿ ಯಾವ ಒಂದು ವಾರದಲ್ಲೂ ಇಪ್ಪತ್ತು ದಾಟುವಂತಿರಲಿಲ್ಲ. ದಾಟಿದ್ದು ಖಚಿತವಾದರೆ ವೀಸಾ ರದ್ದು ಮಾಡದೆ ಅಧಿಕಾರಿಗೂ ಬೇರೆ ದಾರಿ ಇರಲಿಲ್ಲವಂತೆ. ಮೂರು ವರ್ಷ ಆ ದೇಶಕ್ಕೆ ಮತ್ತೆ ಅರ್ಜಿ ಹಾಕುವಂತಿಲ್ಲ.

ಸುದ್ದಿ ಬಂದ ದಿನ ನಾನು ಬೀರು ತೆರೆದು ಆ ನಕಲನ್ನು ಓದಿದೆ. ಎರಡನೆಯ ಪುಟದಲ್ಲಿತ್ತು. ಒಂದೇ ವಾಕ್ಯ. ಯಾವ ಗೊಂದಲಕ್ಕೂ ಎಡೆಯಿರಲಿಲ್ಲ.

ಅವಳು ಬಂದ ಮೂರನೆಯ ದಿನ ನಾನು ತಾಯಲೂರಿಗೆ ಹೋದೆ. ನಡುಮನೆಯಲ್ಲಿ ಭಾವ, ಅಕ್ಕ, ಭಾವನ ತಮ್ಮ, ಪಕ್ಕದ ಮನೆಯ ಇಬ್ಬರು ಕುಳಿತಿದ್ದರು. ಪದ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ತುಂಬ ಇಳಿದುಹೋಗಿದ್ದಳು. ಕೋಪ ಬಂದರೆ ಭಾವನ ಬಾಯಲ್ಲಿ ತೆಲುಗು ಬರುತ್ತಿತ್ತು. ಆ ದಿನ ಕನ್ನಡದಲ್ಲಿ, ಶಾಲೆಯಲ್ಲಿ ಮಕ್ಕಳನ್ನು ಕೇಳುವ ಹಾಗೆ, ಮೆಲ್ಲಗೆ ಕೇಳಿದರು.

"ಇಪ್ಪತ್ತು ಅಂತ ಬರೆದಿತ್ತು. ನಾನು ಓದಿ ಹೇಳಿದ್ದೆ. ಹಂಗೆ ಮಾಡಬಹುದು ಅಂತ ಯಾರು ಹೇಳಿದ್ರು ನಿನಗೆ?"

ಅವಳು ನನ್ನ ಕಡೆ ನೋಡಿದಳು. ಎಷ್ಟು ಹೊತ್ತು ಎಂದು ಹೇಳಲಾರೆ. ಆ ನೋಟದಲ್ಲಿ ದೂರು ಇರಲಿಲ್ಲ — ಮಾಮ ಈಗ ಹೇಳುತ್ತಾರೆ ಎಂದು ಕಾಯುವ ನೋಟ ಅದು. ನಾನು ಬಾಯಿ ತೆರೆದೆ. ಬಂದ ಮಾತು ಇದು:

"ಅಲ್ಲಿ ಜೊತೆಲಿದ್ದೋರು ಯಾರೋ ತಲೆಗೆ ತುಂಬಿರ್ತಾರೆ ಬಿಡಿ ಭಾವ. ಚಿಕ್ಕ ಹುಡುಗಿ."

ಪದ್ಮ ತಲೆ ತಗ್ಗಿಸಿದಳು. "ಹೂಂ ಅಪ್ಪ, ಅಲ್ಲಿಯೋರೇ ಹೇಳಿದ್ದು" ಎಂದಳು.

"ನಮ್ಮ ಮಾತಿಗಿಂತ ಬೀದಿಯೋರ ಮಾತು ಹೆಚ್ಚಾಯ್ತು" ಎಂದು ಭಾವ ಎದ್ದು ಹೊರಗೆ ಹೋದರು. ಬಹಳ ವರ್ಷಗಳವರೆಗೆ ಅದೇ ಅವರು ಮಗಳಿಗೆ ನೇರವಾಗಿ ಆಡಿದ ಕೊನೆಯ ಮಾತು. ಆಮೇಲೆ ಏನಿದ್ದರೂ ಅಕ್ಕನ ಮೂಲಕ — ಅವಳಿಗೆ ಹೇಳು, ಅವಳನ್ನು ಕೇಳು. ಒಂದೇ ಮನೆಯಲ್ಲಿ.

ಕೋಲಾರದಿಂದ ಬಂದಿದ್ದ ಒಂದು ಸಂಬಂಧ ತಪ್ಪಿತು. ಆ ದೇಶದವರೇ ಬೇಡವೆಂದು ಓಡಿಸಿದ ಹುಡುಗಿ ಎಂದು ಅವರು ಹೇಳಿ ಕಳಿಸಿದರು. ಓಡಿಸಿದ್ದು ಯಾಕೆ ಎಂಬುದಕ್ಕೆ ಊರಿನವರು ತಮಗೆ ತೋಚಿದ ಕಾರಣ ಕೊಟ್ಟರು. ಕಳ್ಳತನ ಎಂದವರಿದ್ದರು. ಅದಕ್ಕಿಂತ ಕೆಟ್ಟದ್ದನ್ನು ಹೇಳಿದವರೂ ಇದ್ದರು.

ಇಲ್ಲಿಗೆ ನನ್ನ ತಪ್ಪು ಮುಗಿದಿದ್ದರೆ —

ಮೂರು ವರ್ಷ ತುಂಬಿದ ಮೇಲೆ, ಒಂದು ಬೆಳಿಗ್ಗೆ ಪದ್ಮ ಮುಳಬಾಗಿಲಿನ ನಮ್ಮ ಮನೆಗೆ ಬಂದಳು. ಮತ್ತೆ ಅರ್ಜಿ ಹಾಕುವವಳಿದ್ದಳು. ಹಿಂದೆ ವೀಸಾ ರದ್ದಾದದ್ದು ಯಾಕೆ ಎಂದು ಅದರಲ್ಲಿ ವಿವರಿಸಬೇಕಿತ್ತು. ಬೇಕೆಂದು ನಿಯಮ ಮುರಿಯಲಿಲ್ಲ, ಹಿರಿಯರೊಬ್ಬರು ತಪ್ಪಾಗಿ ತಿಳಿಸಿದ್ದರು ಎಂಬುದಕ್ಕೆ ಆ ಹಿರಿಯರದೇ ಒಂದು ಪತ್ರವಿದ್ದರೆ ಅನುಕೂಲವಾಗಬಹುದು ಎಂದು ಯಾರೋ ತಿಳಿದವರು ಹೇಳಿದ್ದರಂತೆ.

"ಅಪ್ಪನಿಗೆ ತಿಳಿಯೋದು ಬೇಡ ಮಾಮ. ಅರ್ಜಿ ಜೊತೆ ಮಾತ್ರ ಇಡ್ತೀನಿ. ನಾಲ್ಕು ಸಾಲು ಬರೆದುಕೊಡಿ ಸಾಕು."

"ನೋಡೋಣಮ್ಮ" ಎಂದೆ. "ರುಜು ಹಾಕಿದ ಕಾಗದ. ಎಲ್ಲೆಲ್ಲಿಗೆ ಹೋಗುತ್ತೋ..."

ಅವಳು ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದಳು. ನನ್ನ ಹೆಂಡತಿ ಕೊಟ್ಟ ನೀರು ಕುಡಿದಳು. "ಆಯ್ತು ಮಾಮ" ಎಂದು ಎದ್ದಳು. ಮತ್ತೆ ಕೇಳಲಿಲ್ಲ. ಅರ್ಜಿ ಹಾಕಿದಳು, ತಿರಸ್ಕಾರವಾಯಿತು. ನನ್ನ ಪತ್ರ ಇದ್ದಿದ್ದರೆ ವೀಸಾ ಸಿಗುತ್ತಿತ್ತೇ? ಗೊತ್ತಿಲ್ಲ. ಸಿಗದೆಯೂ ಇರಬಹುದಿತ್ತು. ಈ ಗೊತ್ತಿಲ್ಲ ಎಂಬುದರ ಹಿಂದೆ ನಾನು ಬಹಳ ಕಾಲ ಅಡಗಿಕೊಂಡಿದ್ದೆ. ಕೊಡಲಿಲ್ಲ ಎಂಬುದು ಮಾತ್ರ ಗೊತ್ತಿದೆ.

ಇನ್ನೊಂದು ವಿಷಯ ಹೇಳಲೇಬೇಕು. ಕೆಲವು ವರ್ಷಗಳಾದ ಮೇಲೆ ಅದೇ ದೇಶ ತನ್ನ ನಿಯಮ ಬದಲಿಸಿ, ವಿದ್ಯಾರ್ಥಿಗಳಿಗೆ ಎರಡು ವಾರಕ್ಕೆ ಒಟ್ಟು ನಲವತ್ತು ಗಂಟೆ ಎಂದು ಮಾಡಿತಂತೆ. ಅದನ್ನು ಪತ್ರಿಕೆಯಲ್ಲಿ ಓದಿದ ಕೂಡಲೇ ನನಗಾದದ್ದು ಸಂತೋಷ. ನನ್ನ ಲೆಕ್ಕ ಸರಿಯಾಗಿಯೇ ಇತ್ತಲ್ಲ ಎಂಬ ಸಂತೋಷ. ಅವಳು ನೆನಪಾದದ್ದು ಆಮೇಲೆ. ಈ ಅನುಕ್ರಮವನ್ನು ನಾನು ಮರೆಯಲಾರೆ.

ಪದ್ಮ ಶ್ರೀನಿವಾಸಪುರದ ಒಂದು ವಸತಿ ಶಾಲೆಯ ಅಡುಗೆಮನೆಗೆ ಸೇರಿದಳು. ಅಲ್ಲೇ ಒಂದು ಕೋಣೆ ಮಾಡಿಕೊಂಡು ಒಬ್ಬಳೇ ಇದ್ದಾಳೆ. ಬೆಳಿಗ್ಗೆ ಮುನ್ನೂರು ಮಕ್ಕಳಿಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು. ಹಬ್ಬಕ್ಕೆ ತಾಯಲೂರಿಗೆ ಬರುತ್ತಾಳೆ, ತಂದೆಗೆ ಬಡಿಸುತ್ತಾಳೆ, ಅವರು ಎಲೆ ನೋಡಿಕೊಂಡು ಊಟ ಮಾಡುತ್ತಾರೆ.

ಹೋದ ಯುಗಾದಿಗೆ ನಾನೂ ಅಲ್ಲಿದ್ದೆ. ಭಾವನ ಮೊಮ್ಮಗಳು, ಪದ್ಮಳ ಅಣ್ಣನ ಮಗಳು, ಹೊರದೇಶದಲ್ಲಿ ನರ್ಸಿಂಗ್ ಓದುವ ಆಸೆಯಲ್ಲಿದ್ದಾಳೆ. ಊಟದ ನಡುವೆ ಆ ಮಾತು ಬಂತು. ಭಾವ ಹೇಳಿದರು: "ಹೋಗೋದಾದ್ರೆ ಹೋಗಮ್ಮ. ನಿಮ್ಮತ್ತೆ ಥರ ಕಂಡೋರ ಮಾತು ಕೇಳಿ ಮನೆತನದ ಮಾನ ಕಳೀಬೇಡ."

ಪದ್ಮ ಆಗ ಸಾರಿನ ಪಾತ್ರೆ ಹಿಡಿದು ನನ್ನ ಎದುರಿಗೇ ಬಗ್ಗಿದ್ದಳು. "ಇನ್ನೊಂಚೂರು ಸಾರು ಹಾಕ್ಲಾ ಮಾಮ?" ಎಂದು ಕೇಳಿದಳು.

ನಾನು ಆಗಲೂ ಹೇಳಲಿಲ್ಲ. ಊಟ ಮುಗಿಸಿ ಕೈ ತೊಳೆದು ಮುಳಬಾಗಿಲಿಗೆ ಬಂದೆ. ಹದಿನೈದು ದಿನ ಬೇಕಾಯಿತು.

ಹದಿನಾರನೆಯ ದಿನ ಬೆಳಿಗ್ಗೆ ತಾಯಲೂರಿಗೆ ಹೋದೆ. ಭಾವ ಜಗಲಿಯ ಮೇಲೆ ಕುಳಿತಿದ್ದರು. ಅಕ್ಕ ಒಳಗಿದ್ದಳು. ನಿಂತುಕೊಂಡೇ ಹೇಳಿದೆ. ಫೋನಿನ ಮಾತು, ಕೇಳಬೇಡ ಎಂದದ್ದು, ಅವರ ಮುಂದೆ ಆಡಿದ ಸುಳ್ಳು, ಕೊಡದ ಪತ್ರ — ಒಂದನ್ನೂ ಬಿಡಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತ ಕುಳಿತರು. ಆಮೇಲೆ ಕೇಳಿದರು: "ಅವತ್ತು ಅವಳು ನಿನ್ನ ಕಡೆ ನೋಡಿದ್ಲು. ಅಲ್ವಾ?"

"ಹೌದು ಭಾವ."

"ನಾನೂ ನೋಡಿದ್ದೆ ಅದನ್ನ. ಏನು ಅಂತ ಕೇಳಲಿಲ್ಲ."

ಅಷ್ಟು ಹೇಳಿ ಒಳಗೆ ಹೋದರು. ಹೊರಗೆ ಬಂದಾಗ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದಂಥ ಬಿಳಿ ಅಂಗಿ ತೊಟ್ಟಿದ್ದರು. ಗುಂಡಿಗಳನ್ನು ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಎಂಬತ್ತು ಸಮೀಪಿಸಿದ ಬೆರಳುಗಳು. ಸಹಾಯಕ್ಕೆ ಒಂದು ಹೆಜ್ಜೆ ಮುಂದಿಟ್ಟೆ. ಅವರು ಹಿಂದೆ ಸರಿದರು.

"ಶ್ರೀನಿವಾಸಪುರಕ್ಕೆ ಮುಳಬಾಗಿಲಲ್ಲೇ ತಾನೇ ಬಸ್ಸು ಬದಲಾಯಿಸಬೇಕು?"

"ಹೌದು. ನಾನೂ ಬರ್ತೀನಿ ಭಾವ. ಒಬ್ಬರೇ ಬೇಡ."

"ನೀನು ಬರಬೇಡ" ಎಂದರು.

ಬಸ್ಸು ಬರುವವರೆಗೆ ರಸ್ತೆಯ ಆಚೆ ಅವರು, ಈಚೆ ನಾನು ನಿಂತಿದ್ದೆವು. ಅಲ್ಲಿ ಮಗಳಿಗೆ ಏನು ಹೇಳಿದರು, ಅವಳು ಏನು ಹೇಳಿದಳು, ನನಗೆ ತಿಳಿಯದು. ಸಂಜೆ ಹಿಂತಿರುಗಿದರು ಎಂದಷ್ಟೇ ಅಕ್ಕ ಫೋನಿನಲ್ಲಿ ಹೇಳಿದಳು. ಅವಳ ದನಿ ಬೇರೆಯಾಗಿತ್ತು. ಈಗ ಅವಳಿಗೂ ಗೊತ್ತು. ಪದ್ಮ ನನಗೆ ಫೋನು ಮಾಡಿಲ್ಲ. ಮಾಡಬೇಕೆಂದು ನಾನು ಬಯಸುವಂತಿಲ್ಲ. ಕಳ್ಳತನ ಎಂದವರ ಮನೆಗಳು ನನಗೆ ಗೊತ್ತಿವೆ. ತಾಯಲೂರಿನಲ್ಲಿ ನಾಲ್ಕು, ಮುಳಬಾಗಿಲಿನಲ್ಲಿ ಎರಡು, ಕೋಲಾರದಲ್ಲಿ ಒಂದು. ನಾಳೆಯಿಂದ ಒಂದೊಂದು ಮನೆಗೂ ಹೋಗಿ ನಡೆದದ್ದನ್ನು ಹೇಳುತ್ತೇನೆ.