ಕುಂಕುಮದ ಕೆಳಗಿದ್ದ ಗುರುತು

ಕಟ್ ಕಟ್ ಕಟ್ ಎನ್ನುತ್ತಿದ್ದ ಸದ್ದು ಒಮ್ಮೆಲೇ ನಿಂತಿತು. ಆಮೇಲೆ ಒಂದು ಕೂಗು.

ನಾನು ಪಕ್ಕದಲ್ಲೇ ಕೂತಿದ್ದೆ. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಹಳೇಬೀಡಿನಲ್ಲಿ, ಬಸ್ತಿಹಳ್ಳಿ ಕಡೆಗೆ ತಿರುಗುವಲ್ಲಿ, ಚಂದ್ರಣ್ಣನ ಟ್ರ್ಯಾಕ್ಟರ್ ಗ್ಯಾರೇಜ್ ಇದೆ. ಅಂದು ಅವನು ಗೆಂಡೆಹಳ್ಳಿಯ ಗೌಡರೊಬ್ಬರ ರೋಟವೇಟರಿನ, ಅಂದರೆ ಮಣ್ಣು ಪುಡಿಮಾಡುವ ಯಂತ್ರದ, ಬ್ಲೇಡು ಬಿಚ್ಚುತ್ತಿದ್ದ. ಕೈಯಲ್ಲಿ ಹಳೆಯ ರ್‍ಯಾಚೆಟ್. (ಗೊತ್ತಿಲ್ಲದವರಿಗೆ: ನಟ್ಟು ತಿರುಗಿಸುವ ಹಿಡಿಕೆ. ಒಂದು ಕಡೆಗೆ ಸುಮ್ಮನೆ ಕಟಕಟ ಎನ್ನುತ್ತದೆ. ಇನ್ನೊಂದು ಕಡೆಗೆ ಒತ್ತಿದರೆ ಒಳಗಿನ ಲಾಕ್ ಕಚ್ಚಿ ಹಿಡಿಯುತ್ತದೆ.)

"ಏನ್ಲಾ ಚಂದ್ರ, ಇನ್ನೂ ಇದೇ ಓಬೀರಾಯನ ಕಾಲದ್ ಸಾಮಾನಾ? ಹೊಸದು ತಗಳಕ್ಕೇನ್ಲಾ ರೋಗ?" ಅಂದರು ಗೌಡರು.

"ಇದು ಸಾಮಾನಲ್ಲ ಗೌಡ್ರೇ, ನಮ್ಮಪ್ಪ. ಅಪ್ಪನ್ ಕೈ ಹಿಡ್ಕಂಡಂಗೆ ಐತೆ. ಬಿಡಕಾಯ್ತದಾ?"

ಹಾಗೆಂದು ನಗುತ್ತಲೇ ಮೈಭಾರ ಹಾಕಿ ಒತ್ತಿದ. ಲಾಕ್ ಜಾರಿತು. ಕೈ ಹೋಗಿ ಪಕ್ಕದ ಬ್ಲೇಡಿಗೆ ಬಡಿಯಿತು. ಎರಡು ಬೆರಳು ಹೋದವು. ನನ್ನ ಟವೆಲ್ ಸುತ್ತಿ ಹಾಸನಕ್ಕೆ ಸಾಗಿಸಿದೆವು. ಆ ಟವೆಲ್ಲಿನ ಬಿಸಿ ನನ್ನ ಅಂಗೈಯಿಂದ ಇನ್ನೂ ಹೋಗಿಲ್ಲ.

ಅವನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದೆ. ಅವನದು ಒಂದೇ ಮಾತು. "ತಪ್ಪು ನಂದೇ ಸಾರ್. ಅಪ್ಪನ ರ್‍ಯಾಚೆಟ್ಟು ಮೋಸ ಮಾಡಲ್ಲ. ನನ್ ಕೈಯಾಗೇ ಹಿಡಿತ ಇಲ್ಲ. ಗ್ಯಾರೇಜ್ ಮುಚ್ಬಿಡ್ತೀನಿ."

ಹೆಂಡತಿ ಸರೋಜಮ್ಮ ಆ ರ್‍ಯಾಚೆಟ್ ತಂದು ನನ್ನ ಮುಂದಿಟ್ಟರು. "ನೀವಾದ್ರೂ ನೋಡಿ ಹೇಳಿ. ನಿಮಗೆ ಇದ್ರ ಹುಚ್ಚು ಐತಲ್ಲ."

ಇದೆ, ಸುಳ್ಳಲ್ಲ. ಅರಸೀಕೆರೆಯ ಗುಜರಿ ಅಂಗಡಿಗಳಲ್ಲಿ ಹಳೆಯ ರ್‍ಯಾಚೆಟ್ ಹುಡುಕುವುದು, ಕಂಪನಿಯ ಗುರುತು ನೋಡಿ ಅದರ ಕಾಲ ಗುರುತಿಸುವುದು. (ಬೇಲೂರಿಗೆ ಬಂದವರು ಪೀಠದ ಮೇಲೆ ಶಿಲ್ಪಿಯ ಹೆಸರು ಹುಡುಕುವುದಿಲ್ಲವೇ?) ಚಂದ್ರಣ್ಣನ ಅಪ್ಪ ಉಗಿಬಂಡಿಯ ಕಾಲದಲ್ಲಿ ಅರಸೀಕೆರೆಯ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಅವರ ರ್‍ಯಾಚೆಟ್ ಇಂಗ್ಲೆಂಡಿನ ಒಂದು ಕಂಪನಿಯ ಮಾಲು.

ಆದರೆ ಗುರುತೇ ಕಾಣುತ್ತಿರಲಿಲ್ಲ. ಪ್ರತಿ ಆಯುಧಪೂಜೆಗೂ ಕುಂಕುಮ ಅದೇ ಜಾಗಕ್ಕೆ ಬಿದ್ದು, ಗ್ರೀಸಿನೊಂದಿಗೆ ಸೇರಿ ಅರಗಿನಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆ ಹಾಕಿ, ಹಳೆಯ ಬ್ರಷ್ಷಿನಿಂದ ನಿಧಾನವಾಗಿ ತೆಗೆದೆ.

ಆ ಕಂಪನಿಯ ಹಳೆಯ ಮಾಲಿನ ಮೇಲೆ ಹೆಸರು ಒಂದು ಸಾಲಿನಲ್ಲಿರುತ್ತದೆ, ಅದರ ಕೆಳಗೆ ಊರು. ಇದರಲ್ಲಿ ಹೆಸರು ಮೊಟ್ಟೆಯಾಕಾರದ ಗೆರೆಯೊಳಗಿತ್ತು. ಊರು ಇರಲಿಲ್ಲ. ಈ ಗುರುತು ಬಳಕೆಗೆ ಬಂದದ್ದು ಚಂದ್ರಣ್ಣನ ಅಪ್ಪ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ.

ಇನ್ನೂ ಒಂದು. ಅಸಲಿಯಲ್ಲಿ ಅಕ್ಷರ ಒತ್ತಿದ ಮೇಲೆ ಹೊಳೆಯುವ ಕ್ರೋಮ್ ಲೇಪ ಹಾಕುತ್ತಾರೆ. ಇಲ್ಲಿ ಕ್ರೋಮ್ ಒಡೆದು ಅಕ್ಷರ ಒತ್ತಿದ್ದರು. ಅಂಚೆಲ್ಲ ಸಿಪ್ಪೆ ಎದ್ದಿತ್ತು. ನಕಲಿ. ಬಿಚ್ಚಿ ನೋಡಿದರೆ ಲಾಕಿನ ಹಲ್ಲುಗಳು ಪುಡಿಯಾಗಿದ್ದವು.

ಯಾರೋ ಕೇಳಿ ಒಯ್ದವರು ಅಸಲಿಯನ್ನು ಇಟ್ಟುಕೊಂಡು ಇದನ್ನು ವಾಪಸ್ ಕೊಟ್ಟಿರಬೇಕು. ಅದೇ ಉದ್ದ, ಅದೇ ಆಕಾರ. ಕುಂಕುಮದ ದಪ್ಪ ನೋಡಿದರೆ ಅದಲುಬದಲಾಗಿ ವರ್ಷಗಳೇ ಆಗಿವೆ. ಕೈಮುಗಿಯುವ ವಸ್ತುವನ್ನು ನಾವು ತಿರುಗಿಸಿ ನೋಡುತ್ತೇವೆಯೇ?

ಹೇಳಲೋ ಬೇಡವೋ? ಹೇಳಿದರೆ ಅವನ ಕೈ ಮೇಲಿನ ಅಪವಾದ ಹೋಗುತ್ತದೆ. ಜೊತೆಗೆ ಅಪ್ಪನೂ ಹೋಗುತ್ತಾನೆ. ನೀವಾಗಿದ್ದರೆ?

ಹೇಳಿದೆ.

"ಹಂಗಾರೆ ನನ್ ಕೈದು ತಪ್ಪಿಲ್ವಾ?"

"ಇಲ್ಲ."

"ಕೇಳುಸ್ತೇನ್ರೀ?" ಸರೋಜಮ್ಮ ಗಂಡನ ಭುಜ ತಟ್ಟಿದರು. "ಇನ್ನಾದ್ರೂ ಗ್ಯಾರೇಜ್ ಬಾಗ್ಲು ತೆಗೀರಿ."

ಅವನು ತಲೆಯಾಡಿಸಿದ, ತೆಗೆಯುತ್ತೇನೆ ಎಂಬಂತೆ. ಯಾರು ಬದಲಾಯಿಸಿದರು ಎಂದು ಕೇಳಲಿಲ್ಲ. ರ್‍ಯಾಚೆಟ್ಟನ್ನು ಎಡಗೈಗೆ ತೆಗೆದುಕೊಂಡು, ಆ ಮೊಟ್ಟೆಯಾಕಾರದ ಗೆರೆಯನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದ.

"ಮತ್ತೆ ಇಷ್ಟ್ ವರ್ಸ ನಾನು ಯಾರ್ ಕೈ ಹಿಡ್ಕಂಡಿದ್ದೆ ಸಾರ್?"